ನವೆಂಬರ್ ಒಂದನೇ ತಾರೀಖಿನ ಮಳೆ

ಕಿರುಬೆರಳನ್ನು ಹಿತ್ತಾಳೆಯ ಲಾಳಿಕೆಯೊಳಗೆ ಇಳಿಬಿಟ್ಟು ಉಡಚಪ್ಪ ಮೆಲ್ಲಗೆ ತಿರುವುತ್ತಿದ್ದಾನೆ. ರಾತ್ರಿ ಜೇಡವೊಂದು ಅದರ ಬಾಯಿಗೆ ಅಡ್ಡಲಾಗಿ ಬಲೆ ನೇಯ್ದಿದೆ. ಬಲೆ ಬೆರಳಿಗೆ ಸುತ್ತಿಕೊಂಡು ಬರುತ್ತದೆ, ಜೇಡ ಬರುವುದಿಲ್ಲ. ಒಂದು ಜೋಳದ ದಂಟಿನ ಸೀಳು ಚಾಚಿ, ಅದು ಹತ್ತುವವರೆಗೆ ಕಾದು, ತಂತಿ ಬೇಲಿಯ ಮೇಲೆ ಬಿಡುತ್ತಾನೆ. “ನಿನಗೂ ದೇವರು ಜಾಗಾ ಕೊಟ್ಟಾನ. ಇದಲ್ಲ ಅದು,” ಎನ್ನುತ್ತಾನೆ. ಕಪ್ಪತಗುಡ್ಡದ ಬೆನ್ನಿನ ಮೇಲೆ ಬೆಳಕು ಈಗಷ್ಟೇ ಬೂದುಬಣ್ಣಕ್ಕೆ ತಿರುಗಿದೆ.

ಶಿರಹಟ್ಟಿಯಿಂದ ಮುಂಡರಗಿಯ ಕಡೆ ಹೋಗುವ ದಾರಿಯಲ್ಲಿ ಒಂದು ಹಳೆಯ ಸರಕಾರಿ ಬಂಗಲೆ ಇದೆ. ಅದರ ಹಿತ್ತಲಿನಲ್ಲಿ, ನಾಲ್ಕು ಕಲ್ಲುಕಂಬಗಳ ನಡುವೆ, ಮಳೆ ಅಳೆಯುವ ಡಬ್ಬಿ ಅರ್ಧ ನೆಲದಲ್ಲಿ ಹೂತು ಕೂತಿದೆ. ಮೇಲೆ ಲಾಳಿಕೆ, ಒಳಗೆ ಬಾಟ್ಲಿ. ಲಾಳಿಕೆಗೆ ಬಿದ್ದ ಮಳೆ ಬಾಟ್ಲಿಗೆ ಇಳಿಯುತ್ತದೆ. ಬೆಳಿಗ್ಗೆ ಎಂಟಕ್ಕೆ ಬಾಟ್ಲಿಯ ನೀರನ್ನು ಗೆರೆಯುಳ್ಳ ಗಾಜಿನ ಗ್ಲಾಸಿಗೆ ಸುರಿದು, ಎಷ್ಟು ಇಂಚು, ಇಂಚಿನ ನೂರನೇ ಪಾಲಾದ ಸೆಂಟು ಎಷ್ಟು ಎಂದು ರಜಿಸ್ಟರಿನಲ್ಲಿ ಬರೆಯಬೇಕು. ಕೆಲಸ ಇಷ್ಟೇ. ಉಡಚಪ್ಪ ಬಂಗಲೆಯ ಕಾವಲುಗಾರ. ಈ ಕೆಲಸ ಅವನ ಕಾವಲಿನ ಬಾಲಕ್ಕೆ ಕಟ್ಟಿದ್ದು.

ಎಂಟು ಹೊಡೆಯುತ್ತದೆ. ಅವನು ಮಂಡಿಯೂರಿ, ಖಾಲಿ ಬಾಟ್ಲಿಯನ್ನು ಗ್ಲಾಸಿಗೆ ಬಗ್ಗಿಸಿ ಹಿಡಿಯುತ್ತಾನೆ. ಮಳೆ ಬಿದ್ದು ಮೂರು ವಾರವಾಗಿದೆ, ಏನೂ ಬೀಳುವುದಿಲ್ಲವೆಂದು ಅವನಿಗೆ ಗೊತ್ತು. ಆದರೂ ಬಗ್ಗಿಸುತ್ತಾನೆ, ಕಾಯುತ್ತಾನೆ, ಒಂದು ಕಣ್ಣು ಮುಚ್ಚಿ ಗ್ಲಾಸು ನೋಡುತ್ತಾನೆ. ಆಮೇಲೆ ಒಳಗೆ ಹೋಗಿ ಸೊನ್ನೆ ಬರೆಯುತ್ತಾನೆ. ನೋಡದೆ ಬರೆದ ಸೊನ್ನೆ ಸೊನ್ನೆಯಲ್ಲ ಎಂಬುದು ಅವನ ವಾದ. “ಕೊಟ್ಟಾಗಷ್ಟ ದೇವರ ಕಡೆ ನೋಡೂದು, ಕೊಡದಿದ್ದಾಗ ಮುಖಾ ತಿರುವೂದು ಮಂದಿ ಚಾಳಿ. ನಾ ಎರಡೂ ನೋಡಬೇಕಲ್ರಿ.”

ಈ ಡಬ್ಬಿಯ ಮುಂದೆ ಅವನು ಮಂಡಿಯೂರಿದ ಬೆಳಗುಗಳು ಹತ್ತು ಸಾವಿರ ದಾಟಿವೆ. ಅದರಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಸೊನ್ನೆ. ದಿನವೂ ಕೋಳಿ ಕೂಗುವ ಹೊತ್ತಿಗೆ ಎದ್ದು, ಒಂದೂವರೆ ಮೈಲಿ ನಡೆದು ಬರುತ್ತಾನೆ. ಚಳಿಜ್ವರದಲ್ಲಿ ಕಂಬಳಿ ಹೊದ್ದು ಬಂದಿದ್ದಾನೆ. ಮದುವೆಯ ದಿನ ಅರಿಷಿಣದ ಮೈಯಲ್ಲೇ ಬಂದಿದ್ದ. ಹೆಂಡತಿ ಕಳಕವ್ವ ಅದನ್ನು ಇವತ್ತಿಗೂ ಬಿಟ್ಟಿಲ್ಲ. ನನಗೆ ಸವತಿಯಿದ್ದಾಳೆ, ಹಿತ್ತಾಳೆಯವಳು, ಹೊಟ್ಟೆ ಒಳಗೆ ಬಾಟ್ಲಿ ಇಟ್ಟುಕೊಂಡವಳು ಎಂದು ಬಂದವರ ಮುಂದೆಲ್ಲ ಆಡಿಕೊಳ್ಳುತ್ತಾಳೆ. ಹಾಗೆಂದವಳೇ ಪ್ರತಿ ದೀಪಾವಳಿಗೆ ಮನೆಗೆ ಸುಣ್ಣ ಬಳಿಯುವಾಗ ಅಡುಗೆಮನೆಯ ಒಂದು ಮೂಲೆಯನ್ನು ಬಳಿಯದೆ ಬಿಡುತ್ತಾಳೆ. ಅಲ್ಲಿ ಇದ್ದಲಿನ ಗೆರೆಗಳಿವೆ. ರೋಹಿಣಿ, ಮೃಗಶಿರ, ಆರಿದ್ರ ಎಂದು ಒಂದೊಂದು ಮಳೆಗೆ ಒಂದೊಂದು ಸಾಲು, ವರ್ಷಕ್ಕೊಂದು ಗೆರೆ. ಸರಕಾರದ ರಜಿಸ್ಟರು ಸರಕಾರಕ್ಕೆ. ಈ ಗೋಡೆ ಅವನಿಗೆ.

ಗೋಡೆಯ ಹುಚ್ಚು ಹತ್ತಿಸಿದವಳು ಅವನ ತಾಯಿ ಫಕ್ಕೀರವ್ವ. ಅವಳಿಗೆ ಓದು ಬರಹ ಇರಲಿಲ್ಲ. ಹೊಲಕ್ಕೆ ಹೋಗುವಾಗ ಎರೆಹುಳದಿಂದ ಹಿಡಿದು ಗೀಜಗನ ಗೂಡಿನವರೆಗೆ ಎಲ್ಲವನ್ನೂ ನಿಂತು ನೋಡುವವಳು. ಇಷ್ಟು ಸಣ್ಣ ಹುಳಕ್ಕೂ ಹೊಟ್ಟೆ, ಕಣ್ಣು ಇಟ್ಟು ಕಳಿಸಬೇಕಾದರೆ ಕಳಿಸಿದವನಿಗೆ ಎಷ್ಟು ಅಕ್ಕರೆ ಇದ್ದೀತು ಎನ್ನುವಳು. ಹಾಗಾದರೆ ಮಳೆ ಗುಡ್ಡದ ಆಚೆ ಬಿದ್ದು ಈಚೆ ಯಾಕೆ ಬೀಳಲಿಲ್ಲ ಎಂದು ಉಡಚಪ್ಪ ಕೇಳಿದ್ದ. ಆಗ ಅವನಿಗೆ ಹತ್ತು ವರ್ಷ. ಅವಳು ಬುಟ್ಟಿ ಇಳಿಸಿ ಹೇಳಿದ್ದಳಂತೆ: “ಅವನ ರೀತಿ ಅವಗ ಗೊತ್ತು. ನಮಗೂ ಗೊತ್ತಾಗಬೇಕಂದ್ರ ಕುಂತು ನೋಡಬೇಕ ಮಗನ. ಭಾಳ ದಿನಾ ನೋಡಬೇಕು.”

ಅವಳು ತೀರಿಕೊಂಡು ಮೂವತ್ತೈದು ವರ್ಷವಾಗಿದೆ. ಅವಳ ಮುಖ ಈಗ ಸರಿಯಾಗಿ ನೆನಪಾಗುವುದಿಲ್ಲವಂತೆ. ಬುಟ್ಟಿ ಇಳಿಸಿದ ಸದ್ದು ಮಾತ್ರ ನೆನಪಿದೆ.

ಡಬ್ಬಿ ಬಂದದ್ದು ೧೯೨೭ರಲ್ಲಿ, ಸಂಸ್ಥಾನದ ಕಾಲದಲ್ಲಿ, ಎತ್ತಿನ ಗಾಡಿಯಲ್ಲಿ, ಹುಲ್ಲಿನ ನಡುವೆ. ಜೊತೆಗೆ ಬಂದ ಮುದುಕ ಓವರಸಿಯರ್ ಮೂರು ದಿನ ಬಂಗಲೆಯಲ್ಲಿ ಉಳಿದು ಅವನಿಗೆ ಅಳತೆ ಕಲಿಸಿದ. ಗ್ಲಾಸಿನಲ್ಲಿ ನೀರು ಅಂಚಿಗೆ ಏರಿ ನಡುವೆ ತಗ್ಗಿರುತ್ತದೆ. ಅಂಚು ನೋಡಬೇಡ, ನೀರಿನ ಹೊಟ್ಟೆ ನೋಡು ಎಂದ. ಅಂಚು ಯಾವಾಗಲೂ ಇದ್ದದ್ದಕ್ಕಿಂತ ಹೆಚ್ಚು ಹೇಳುತ್ತದೆ ಎಂದ. ಆ ಗ್ಲಾಸು ಇವತ್ತಿಗೂ ಒಡೆದಿಲ್ಲ. ಸಂಸ್ಥಾನ ಹೋಯಿತು, ಮುಂಬಯಿ ಸರಕಾರ ಬಂತು, ಈಗ ಅದೂ ಹೋಗಿ ಮೈಸೂರು ರಾಜ್ಯ ಬಂದಿದೆ. ಮರಾಠಿ ಅಂಕಿಯ ರಜಿಸ್ಟರುಗಳ ಮೇಲೆ ಇಂಗ್ಲಿಷ್ ಅಂಕಿಯವು ಕೂತಿವೆ. ಗ್ಲಾಸು ಅದೇ.

ಸ್ವಾತಂತ್ರ್ಯ ಬಂದ ಬೆಳಿಗ್ಗೆ ಏಳು ಸೆಂಟು ಮಳೆ. ಅದನ್ನು ಅವನು ರಜಿಸ್ಟರು ನೋಡದೆ ಹೇಳುತ್ತಾನೆ. ಶಾಲೆಯ ಮಕ್ಕಳು ಪೇಢೆ ತಿನ್ನುತ್ತ ಬೇಲಿಯ ಹೊರಗೆ ನಿಂತು, ಇವತ್ತಿನ ಮಳೆ ಬ್ಯಾರೆ ಥರಾ ಐತೇನು ಎಂದು ಕೇಳಿದ್ದವು. ಅವನು ಗ್ಲಾಸನ್ನು ಬೆಳಕಿಗೆ ಹಿಡಿದು ಎಲ್ಲರಿಗೂ ತೋರಿಸಿದ್ದ. ಆ ಕಾಲದಲ್ಲಿ ಮಂದಿ ಬರುತ್ತಿದ್ದರು. ಹರ್ತಿ, ಕಳಸಾಪುರದ ಕಡೆಯ ಗಾಡಿಗಳು ಬಂಗಲೆಯ ಮುಂದೆ ನಿಲ್ಲುತ್ತಿದ್ದವು. “ಏನಪಾ ಮುಗಿಲ ಲೆಕ್ಕದ ತಲಾಟಿ, ಏನಂತೈತಿ ನಿನ್ನ ಡಬ್ಬಿ?” ಎಂದು ಕೇಳಿ, ಎಲೆ-ಅಡಿಕೆ ಹಾಕಿಕೊಂಡು, ಹಳೆಯ ಮಳೆಗಳ ಸುದ್ದಿ ಮಾತಾಡಿ ಹೋಗುತ್ತಿದ್ದರು. ಹೊಳೆಯಪ್ಪನೆಂಬ ರೈತನಂತೂ ತನ್ನ ಮಗಳು ಹುಟ್ಟಿದ ದಿನ ಎಷ್ಟು ಮಳೆಯಾಗಿತ್ತೆಂದು ತಿಳಿಯಲು ಹನ್ನೆರಡು ಮೈಲಿ ನಡೆದು ಬಂದಿದ್ದ. ಈಗ ಗಾಡಿಗಳ ಬದಲು ಬಸ್ಸು ಓಡುತ್ತದೆ. ಬಸ್ಸು ನಿಲ್ಲುವುದಿಲ್ಲ.

ಇಷ್ಟು ವರ್ಷ ನೋಡಿ ಏನು ಕಲಿತೆ ಎಂದರೆ ಅವನಿಗೆ ನಾಚಿಕೆ. ಬಹಳ ಒತ್ತಾಯಿಸಿದರೆ ಸ್ವಾತಿ ಮಳೆಯ ಮಾತು ತೆಗೆಯುತ್ತಾನೆ. ಹಿಂಗಾರಿ ಜೋಳ ಮೊಣಕಾಲೆತ್ತರ ಇರುವಾಗ, ಅಕ್ಟೋಬರ್ ಕೊನೆಗೆ ಬರುವ ಮಳೆ ಅದು. ಉಳಿದ ಮಳೆಗಳು ಆಟ ಆಡಿಸಿದ ವರ್ಷಗಳಲ್ಲೇ ಸ್ವಾತಿ ತಪ್ಪದೆ ಬಂದಿದೆ. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಪೂರ್ತಿ ಕೈಕೊಟ್ಟದ್ದು ಎರಡೇ ಸಲ. ಗೋಡೆಯ ಮೇಲೆ ಆ ಸಾಲು ಉಳಿದವುಗಳಂತಿಲ್ಲ. ಅದರಲ್ಲಿ ಏನೋ ಒಂದು ನಡೆ ಇದೆ ಎಂದು ಅವನಿಗೆ ಅನ್ನಿಸಿದೆ. “ತಾಯಿ ಕಡೀ ಕೂಸಿಗೆ ಒಂದ ತುತ್ತು ತಗದ ಇಟ್ಟಿರ್ತಾಳಲ್ರಿ, ಹಂಗ ಕಾಣ್ತೈತಿ. ಆದ್ರ ಅನಿಸಿದ್ದು ಬ್ಯಾರೆ, ಇದ್ದದ್ದು ಬ್ಯಾರೆ. ಮೂವತ್ತು ಸ್ವಾತಿ ನೋಡಿದ ಮ್ಯಾಲ ಬಾಯಿ ಬಿಡ್ತೇನಿ ಅಂತ ಇದ್ದೆ.”

ಮೂವತ್ತನೆಯ ಸ್ವಾತಿ ಈ ವರ್ಷದ್ದು. ಅದರ ನಡುವೆ ಒಂದು ದಿನದ ಅಳತೆ ಇಲ್ಲ. ನವೆಂಬರ್ ಒಂದನೇ ತಾರೀಖು, ಹೊಸ ರಾಜ್ಯದ ಮೊದಲನೆಯ ಬೆಳಗು.

ಹಿಂದಿನ ಸಂಜೆ ದೀಪಾವಳಿಯ ನೀರು ತುಂಬುವ ಹಬ್ಬ. ಮನೆಯ ಪಾತ್ರೆಗಳನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಿ, ನೀರು ತುಂಬಿ, ಕುಂಕುಮವಿಟ್ಟು ಪೂಜಿಸುವ ರಾತ್ರಿ. ಆ ರಾತ್ರಿ ಯಾವ ಪಾತ್ರೆಯೂ ಖಾಲಿ ಇರಬಾರದು. ಬಂಗಲೆಯ ಕಸ ಗುಡಿಸುವ ದೇವವ್ವ ಮರುದಿನದ ಧ್ವಜಾರೋಹಣಕ್ಕೆ ಅಂಗಳ ಸಾರಿಸಿ, ತೋರಣ ಕಟ್ಟಿಸಿ, ಬಂಗಲೆಯ ಹಂಡೆ, ಕೊಡಗಳನ್ನೆಲ್ಲ ತುಂಬಿಸಿದಳು. ಕೊನೆಗೆ ಹಿತ್ತಲಿನ ಡಬ್ಬಿ ಕಣ್ಣಿಗೆ ಬಿತ್ತು. ಉಡಚಪ್ಪ ಆಗ ಮನೆಗೆ ಹೋಗಿದ್ದ. ಮುದುಕಿ ಲಾಳಿಕೆಯನ್ನು ಬಂಗಾರದ ಹಾಗೆ ತಿಕ್ಕಿ ತೊಳೆದು, ತಂಬಿಗೆಯಿಂದ ನೀರು ಹೊಯ್ದು, ಅಂಚಿನ ತನಕ ತುಂಬಿಸಿ, ಸುತ್ತ ಐದು ಕುಂಕುಮದ ಬೊಟ್ಟಿಟ್ಟು ಕೈಮುಗಿದಳು. ನಡುರಾತ್ರಿ ಸ್ವಾತಿ ಮಳೆ ಬಂತು. ಚೆನ್ನಾಗಿಯೇ ಬಂತು. ತುಂಬಿದ ಡಬ್ಬಿಯ ಮೇಲೆ ಬಿದ್ದು ಹೊರಗೆ ಚೆಲ್ಲಿ ಹೋಯಿತು.

ಬೆಳಿಗ್ಗೆ ಉಡಚಪ್ಪ ಬಂದು ನೋಡಿದಾಗ ಲಾಳಿಕೆಯ ತುಂಬ ನೀರು, ನೀರಿನ ಮೇಲೆ ಒಂದು ಚೆಂಡುಹೂ. ಹೂ ನೋಡಿದ ಕೂಡಲೇ ಅವನಿಗೆ ಎಲ್ಲ ತಿಳಿಯಿತು. ದೇವವ್ವನಿಗೆ ಮಾತ್ರ ತಾನು ಮಾಡಿದ್ದೇನೆಂದು ತಿಳಿಯಲು ಬಹಳ ಹೊತ್ತು ಹಿಡಿಯಿತು. “ನಿನ್ನ ಡಬ್ಬಿ ಹಸದ ಕೂಸಿನಂಗ ಮುಗಿಲಿಗೆ ಬಾಯಿ ತಗದ ಕುಂತಿತ್ತೋ ತಮ್ಮಾ,” ಎಂದಳು. “ಹಬ್ಬದ ರಾತ್ರಿ ಹೆಂಗ ಬಿಡ್ಲಿ?”

ಅವನಿಗೆ ಸಿಟ್ಟು ಬರಲಿಲ್ಲ. ಅವನ ತಾಯಿಯಾಗಿದ್ದರೂ ಅದನ್ನೇ ಮಾಡುತ್ತಿದ್ದಳೇನೋ. ಆ ದಿನ ಅಂಗಳದಲ್ಲಿ ಧ್ವಜ ಏರಿತು, ಭಾಷಣಗಳಾದವು, ಮಂದಿ ಜೈ ಎಂದರು. ಉಡಚಪ್ಪ ಹಿತ್ತಲಿನಲ್ಲಿ ಮಣ್ಣಿಗೆ ಬೆರಳು ಊರಿ, ಹಸಿ ಎಷ್ಟು ಆಳ ಇಳಿದಿದೆ ಎಂದು ನೋಡುತ್ತ ಕೂತಿದ್ದ. ಒಂದು ಗೇಣು ಇಳಿದಿತ್ತು. ಗೇಣಿನಿಂದ ಸೆಂಟು ಹೇಳಲು ಬರುವುದಿಲ್ಲ. ರಜಿಸ್ಟರಿನಲ್ಲಿ ಆ ದಿನಕ್ಕೆ ಒಂದು ಅಡ್ಡಗೆರೆ ಎಳೆದು, ಪಕ್ಕದಲ್ಲಿ ‘ಅಳತೆ ಕೆಟ್ಟಿದೆ’ ಎಂದು ಬರೆದ. ದೇವವ್ವನ ಹೆಸರು ಬರೆಯಲಿಲ್ಲ.

ಇವತ್ತು ನವೆಂಬರಿನ ಕೊನೆಯ ದಿನ. ಒಂಬತ್ತು ಗಂಟೆಗೆ ಕಚೇರಿಯ ಕಾರಕೂನ ಸಕ್ರಪ್ಪ ತಿಂಗಳ ಮಳೆಲೆಕ್ಕದ ತಖ್ತೆ ಒಯ್ಯಲು ಸೈಕಲ್ಲಿನ ಮೇಲೆ ಬಂದಿದ್ದಾನೆ. ವಯಸ್ಸಿನಲ್ಲಿ ಸಣ್ಣವನು, ಉಡಚಪ್ಪನನ್ನು ಕಾಕಾ ಎಂದೇ ಕರೆಯುವವನು, ಕೆಡುಕು ಬಯಸುವವರ ಪೈಕಿ ಅಲ್ಲ. ಬಂದವನೇ ನೀರು ಕುಡಿದು, ಮೊದಲು ಕೆಟ್ಟ ಸುದ್ದಿ ಹೇಳಿಬಿಡುತ್ತಾನೆ. ಮೇಲಿನವರು ಮಳೆ ಅಳೆಯುವ ಜಾಗಗಳನ್ನು ಕಡಿಮೆ ಮಾಡಲಿದ್ದಾರೆ. ಹೊಸ ರಾಜ್ಯದ ಮೊದಲ ತಿಂಗಳ ತಖ್ತೆ ಯಾರದು ಅರೆಬರೆ ಇರುತ್ತದೋ ಅವರದನ್ನು ಮೊದಲು ಮುಚ್ಚುತ್ತಾರೆ. ಮುಚ್ಚಿದರೆ ಜನವರಿಯಲ್ಲಿ ಡಬ್ಬಿ ಕಿತ್ತು ಮುಂಡರಗಿಗೆ ಒಯ್ಯುತ್ತಾರೆ.

ಉಡಚಪ್ಪ ಗೋಡೆಗೆ ಒರಗುತ್ತಾನೆ. ಅಳತೆ ಕೆಟ್ಟ ಈ ಸ್ವಾತಿಯ ಬದಲು ಮುಂದಿನ ವರ್ಷದ್ದನ್ನು ಲೆಕ್ಕಕ್ಕೆ ಹಿಡಿದು ಮೂವತ್ತು ಮುಗಿಸಬೇಕೆಂದು ತಿಂಗಳಿಂದ ಮನಸ್ಸು ಕಟ್ಟಿಕೊಂಡಿದ್ದಾನೆ. ಡಬ್ಬಿ ಇಲ್ಲದೆ ಮುಂದಿನ ಸ್ವಾತಿ ಅವನಿಗೆ ಬರೀ ಸದ್ದು.

ಸಕ್ರಪ್ಪನ ಬಳಿ ಉಪಾಯವೂ ಇದೆ. ಅದೇ ರಾತ್ರಿ ಲಕ್ಷ್ಮೇಶ್ವರದಲ್ಲಿ ನಲವತ್ತೆರಡು ಸೆಂಟು, ಮುಂಡರಗಿಯಲ್ಲಿ ಮೂವತ್ತೆಂಟು. ನಡುವಿನದು ನಲವತ್ತು. ತಖ್ತೆಯಲ್ಲಿ ಒಂದನೇ ತಾರೀಖಿನ ಖಾಲಿ ಮನೆಗೆ ನಲವತ್ತು ತುಂಬಿದರೆ ಅದು ಪೂರ್ತಿ, ಡಬ್ಬಿ ಇದ್ದಲ್ಲೇ ಇರುತ್ತದೆ. ಯಾರಿಗೂ ನಷ್ಟವಿಲ್ಲ.

“ಮಳಿ ಬಿದ್ದದ್ದು ಖರೆ ಹೌದಲ್ಲೋ ಕಾಕಾ?”

“ಬಿದ್ದದ್ದು ಖರೆ. ಎಷ್ಟಂತ ಅವ ನನಗ ಹೇಳಿಲ್ಲ.”

“ಸುಮಾರ ಹೇಳ್ಯಾನಲ್ಲ, ಆಚೀಚಿ ಊರಾಗ.”

“ಆಚೀಚಿ ಊರಾಗ ಆಚೀಚಿ ಊರಿಂದು ಹೇಳ್ಯಾನ. ಗುಡ್ಡದ ಆ ಮಗ್ಗಲ ತೊಯ್ದು ಈ ಮಗ್ಗಲ ಒಣಗಿದ್ದು ನಾ ಎಷ್ಟ ಸಲ ನೋಡೇನಿ. ಅವ ಆಡದ ಮಾತು ಅವನ ಬಾಯಾಗ ನಾ ಹೆಂಗ ಇಡ್ಲಿ? ಮತ್ತ ಅವನ ರೀತಿ ಕಲಿಯಾಕ ಕುಂತೇನಿ ಅಂತೀನಿ.”

ಸಕ್ರಪ್ಪ ನಗುವುದಿಲ್ಲ. ಒಂದೇ ಒಂದು ಮನೆ ಅದು, ಹತ್ತು ಸಾವಿರದಲ್ಲಿ ಒಂದು ಎನ್ನುತ್ತಾನೆ. ಡಬ್ಬಿ ಹೋದ ಮೇಲೆ ಬೆಳಿಗ್ಗೆ ಎದ್ದು ಏನು ಮಾಡುತ್ತಿ ಎಂದು ಕೇಳುತ್ತಾನೆ. ಉಡಚಪ್ಪ ಬಾಗಿಲಾಚೆ ನೋಡುತ್ತಾನೆ. ದೇವವ್ವ ಅಂಗಳ ಗುಡಿಸುವುದನ್ನು ನಿಲ್ಲಿಸಿ, ಕಸಬರಿಗೆ ಹಿಡಿದುಕೊಂಡೇ ಇತ್ತ ಕಿವಿಗೊಟ್ಟು ನಿಂತಿದ್ದಾಳೆ.

ಸಕ್ರಪ್ಪ ತಖ್ತೆಯನ್ನು ಮೇಜಿನ ಮೇಲೆ ಹಾಸುತ್ತಾನೆ. ತಾನೇ ಪೆನ್ನು ತೆಗೆದು, ಮೊದಲ ಸಾಲಿನ ಖಾಲಿ ಮನೆಯಲ್ಲಿ, ಚಂದದ ಅಕ್ಷರದಲ್ಲಿ ನಲವತ್ತು ಎಂದು ತುಂಬುತ್ತಾನೆ. ಪೆನ್ನನ್ನು ತಿರುಗಿಸಿ ಉಡಚಪ್ಪನ ಕಡೆ ಚಾಚುತ್ತಾನೆ.

“ಸುಳ್ಳ ಬರದಾಂವ ನಾನು. ಪಾಪ ನನಗ ಇರ್ಲಿ. ನೀ ತಳಗ ಒಂದ ಸಹಿ ಅಷ್ಟ ಮಾಡು, ಕಾಕಾ.”

“ಮಾಡೂದಿಲ್ಲ.”