ಗ್ಲ್ಯಾಡಿಸ್‌ಬಾಯಿಗೆ ಹೇಳಿದ ಹಕ್ಕಿಗಳು

ಗ್ಲ್ಯಾಡಿಸ್‌ಬಾಯಿ ನಮ್ಮ ಕೂಳೂರಿನಲ್ಲಿ ಬಟ್ಟೆ ಹೊಲಿಯುತ್ತಿದ್ದವರು. ಇಲ್ಲಿನ ಅರ್ಧ ಮಕ್ಕಳು ಅವರು ಹೊಲಿದ ಯೂನಿಫಾರ್ಮ್ ಹಾಕಿಯೇ ಶಾಲೆಗೆ ಹೋದದ್ದು. ಮದುವೆ ಆಗಲಿಲ್ಲ. ಕೊನೆಗೆ ಕಣ್ಣಿನ ನರದ ಕಾಯಿಲೆ ಬಂತು. ಸೂಜಿಗೆ ನೂಲು ಪೋಣಿಸಲು ಆಗದೆ ಹೋದ ದಿನ ಮೆಷಿನ್ನಿಗೆ ಬಟ್ಟೆ ಮುಚ್ಚಿದರು, ಮತ್ತೆ ತೆಗೆಯಲಿಲ್ಲ. ಆಮೇಲೆ ಅವರಿಗೆ ಬೆಳಕು ಮತ್ತು ನೆರಳು ಮಾತ್ರ ತಿಳಿಯುತ್ತಿತ್ತು.

ನಾನು ಮುದ್ದು, ಅವರ ಪಕ್ಕದ ಮನೆಯವಳು. ಬೀಡಿ ಕಟ್ಟಿ ಬದುಕಿದವಳು. ನನ್ನ ಗಂಡ ತೀರಿಕೊಂಡ ಮೇಲೆ, ಮಗ ಜಯ ಮತ್ತು ಸೊಸೆ ಮೋಕ್ಷಾ ಬೆಳಿಗ್ಗೆ ಬೈಕಂಪಾಡಿಗೆ ಕೆಲಸಕ್ಕೆ ಹೋದರೆ, ಸಂಜೆಯವರೆಗೆ ನಮ್ಮ ಮನೆಯಲ್ಲಿ ಫ್ರಿಜ್ಜಿನ ಶಬ್ದ ಒಂದೇ. ಅದು ನಿಂತರೆ ಕರೆಂಟು ಹೋಯಿತೆಂದು ಗೊತ್ತಾಗುತ್ತಿತ್ತು.

ಮಳೆ ಬಿಟ್ಟ ಮೇಲೆ ಒಂದು ದಿನ ಗ್ಲ್ಯಾಡಿಸ್‌ಬಾಯಿ ಬೇಲಿಯ ಆಚೆಯಿಂದ ಕೇಳಿದರು.

“ಮುದ್ದಕ್ಕ, ನನ್ನನ್ನು ಹೊಳೆ ಬದಿಗೆ ಕರ್ಕೊಂಡು ಹೋಗ್ತೀರಾ? ಅಲ್ಲಿ ಹಕ್ಕಿ ಕೂಗುವುದು ಕೇಳ್ತದೆ. ಯಾವುದು ಅಂತ ಹೇಳಿದರೆ ಸಾಕು.”

“ನನಗೆಂತ ಗೊತ್ತುಂಟು ಬಾಯಿ? ಕಾಗೆ, ಕೋಳಿ ಬಿಟ್ಟರೆ ಗೊತ್ತಿಲ್ಲ.”

“ನನಗೂ ಗೊತ್ತಿಲ್ಲ. ಇಷ್ಟು ವರ್ಷ ತಲೆ ಬಗ್ಗಿಸಿ ಸೂಜಿ ನೋಡಿದ್ದೇ ಆಯ್ತು. ತಲೆ ಎತ್ತುವಾಗ ಕಣ್ಣು ಹೋಯ್ತು.”

ನಾನೂ ತಲೆ ಬಗ್ಗಿಸಿಯೇ ಬದುಕಿದವಳು. ಹೋದೆವು. ನನ್ನ ಹೆಗಲ ಮೇಲೆ ಅವರ ಕೈ. ಸೇತುವೆಯಿಂದ ಸ್ವಲ್ಪ ಒಳಗೆ, ದೋಣಿ ಕಟ್ಟುವಲ್ಲಿ ಒಂದು ಕಲ್ಲಿನ ಕಟ್ಟೆ ಉಂಟು. ಅದರ ಮೇಲೆ ಕುಳಿತೆವು.

“ಎಂತ ಉಂಟು ಅಲ್ಲಿ?”

“ಒಂದು ಕೊಕ್ಕರೆ.”

“ಕೊಕ್ಕರೆ ಅಂದ್ರೆ ಸಾಕಾ ಮಾರಾಯ್ರೆ? ಬ್ಲೌಸ್ ಹೊಲಿಸ್ಲಿಕ್ಕೆ ಬಂದವರು ‘ಒಂದು ಹೆಂಗಸು’ ಅಂತ ಅಳತೆ ಕೊಡ್ತಾರಾ? ಕುತ್ತಿಗೆ ಎಷ್ಟುದ್ದ? ಕಾಲಿಗೆ ಯಾವ ಬಣ್ಣ?”

ಬೀಡಿಯ ಎಲೆ ಅಚ್ಚಿಗಿಂತ ನೂಲಿನಷ್ಟು ಹೆಚ್ಚಾದರೂ ಬೇರೆ ಇಡುತ್ತಿದ್ದವಳು ನಾನು. ಸರಿಯಾಗಿ ನೋಡಿದೆ. ಕೊಕ್ಕರೆ ಕಾಲೆತ್ತುವವರೆಗೆ ಕಾದೆ. “ಕಾಲು ಕಪ್ಪು, ಪಾದ ಮಾತ್ರ ಹಳದಿ,” ಎಂದೆ.

“ಓ! ಸಾಕ್ಸ್ ಹಾಕಿದೆ!”

ಹುಟ್ಟಿದಂದಿನಿಂದ ಕೊಕ್ಕರೆ ನೋಡಿದ್ದೇನೆ. ಅದರ ಪಾದ ಹಳದಿ ಎಂದು ಗೊತ್ತಾದದ್ದು ಆವತ್ತೇ.

ಹಾಗೆ ಶುರುವಾಯಿತು. ಮಿಂಚುಳ್ಳಿಯ ಬೆನ್ನು ನೀಲಿ ಎಂದರೆ, “ಯಾವ ನೀಲಿ? ಶಾಲೆಯ ನೀಲಿಯಾ, ಮೇರಿಮಾತೆಯ ನೀಲಿಯಾ?” ಎಂದು ಕೇಳುತ್ತಿದ್ದರು. ಪೊದೆಯಲ್ಲಿ ನಡೆಯುವ ಕುಪ್ಪುಳು ಹಕ್ಕಿಗೆ ಕಪ್ಪು ಸೀರೆ, ಇಟ್ಟಿಗೆ ಬಣ್ಣದ ಸೆರಗು. ದೋಣಿಯಲ್ಲಿ ಬಲೆ ಹಾಕುತ್ತಿದ್ದ ಬೋಜನಿಗೆ ನಾವೆಂದರೆ ತಮಾಷೆ.

“ಎಂತ ಬಾಯಮ್ಮ, ಇವತ್ತು ಕಾಗೆಗೆ ಯಾವ ಅಂಗಿ?”

“ನಿನ್ನ ಬನಿಯನ್ನೇ ಬೋಜ. ಒಗೆಯದ್ದು.”

ಒಂದು ಹಕ್ಕಿಯ ವಿಷಯದಲ್ಲಿ ಮಾತ್ರ ನಮಗೆ ಜಗಳ. ಗರುಡ. ಬಿಳಿ ತಲೆ, ಬಿಳಿ ಎದೆ, ಉಳಿದದ್ದೆಲ್ಲ ಕಾವಿಯ ಕೆಂಪು. ಗರುಡ ಕಂಡರೆ ನಾನು ಕೈ ಮುಗಿದು ಕಣ್ಣು ಮುಚ್ಚುತ್ತೇನೆ. ಅಮ್ಮ ಕಲಿಸಿದ್ದು. ಮುಚ್ಚಬೇಕೆಂದು ಯೋಚಿಸುವುದಿಲ್ಲ, ತನ್ನಷ್ಟಕ್ಕೆ ಮುಚ್ಚುತ್ತದೆ. ತೆರೆಯುವಾಗ ಗರುಡ ಎಲ್ಲಿಯೋ ಹೋಗಿರುತ್ತದೆ.

“ಎತ್ತ ಹೋಯ್ತು?”

“ಗೊತ್ತಿಲ್ಲ ಬಾಯಿ. ಕಣ್ಣು ಮುಚ್ಚಿದ್ದೆ.”

“ಒಳ್ಳೇ ಜೋಡಿ ನಮ್ಮದು. ನನಗೆ ಕಾಣುವುದಿಲ್ಲ, ನೀವು ನೋಡುವುದಿಲ್ಲ.”

ಕ್ರಿಸ್‌ಮಸ್ ಕಳೆದ ಮೇಲೆ ಅವರ ಅಣ್ಣನ ಮಗಳು ಡ್ಯಾಫ್ನಿ ಗೋವಾದಿಂದ ಫೋನ್ ಮಾಡಿದಳು. ಒಬ್ಬರೇ ಇರುವುದು ಬೇಡ, ಈಸ್ಟರ್‌ಗೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದಳು. ಒಳ್ಳೆಯ ಹುಡುಗಿ, ಅವಳು ಹೇಳಿದ್ದರಲ್ಲಿ ತಪ್ಪಿಲ್ಲ.

ಅದೇ ದಿನಗಳಲ್ಲಿ ಹೊಳೆ ಬದಿಯ ಎತ್ತರದ ಗಾಳಿಮರದಲ್ಲಿ ಗರುಡ ಗೂಡು ಕಟ್ಟಿತು. ಕಡ್ಡಿಯ ನಡುವೆ ಒಂದು ತುಂಡು ಬಟ್ಟೆ ನೇತಾಡುತ್ತಿತ್ತು. ನೀಲಿ ಚೌಕುಳಿ ಎಂದೆ. ಗ್ಲ್ಯಾಡಿಸ್‌ಬಾಯಿಗೆ ಖುಷಿಯೋ ಖುಷಿ.

“ನನ್ನ ಮೆಷಿನ್ನಿನ ಅಡಿಯದ್ದೇ ಅದು. ಬಾಡಿಗೆ ಕೊಡ್ಲಿಕ್ಕೆ ಹೇಳಿ ಅದಕ್ಕೆ.” ಆಮೇಲೆ ಹೇಳಿದರು, “ಮುದ್ದಕ್ಕ, ಎಷ್ಟು ಮಕ್ಕಳಿಗೆ ಹೊಲಿದೆ ನಾನು. ಹಾಕಿಕೊಂಡು ಹೋಗುವುದನ್ನು ನೋಡ್ಲಿಕ್ಕೆ ಒಂದು ದಿನ ಬಾಗಿಲಿಗೆ ಬರ್ಲಿಲ್ಲ. ಇದರ ಮರಿ ಹಾರುವುದನ್ನು ಒಂದು ನೋಡಿ ಹೋಗ್ತೇನೆ. ನೀವು ನೋಡಿ ಹೇಳಿದರೆ ನಾನು ನೋಡಿದ ಹಾಗೆಯೇ.”

ಹೇಳುತ್ತೇನೆ ಎಂದೆ.

ಮರಿ ಒಂದೇ. ಮೊದಲು ಹತ್ತಿಯ ಉಂಡೆಯ ಹಾಗೆ ಕಂಡಿತು. ರೆಕ್ಕೆ ಬರುವಾಗ ನನಗೆ ಹೆದರಿಕೆ ಆಯಿತು. ಮೈಯೆಲ್ಲ ಕಂದು, ತಲೆಯಲ್ಲಿ ಬಿಳಿಯೇ ಇಲ್ಲ. ಇದು ಗರುಡನದ್ದಲ್ಲ, ಯಾವುದೋ ಗಿಡುಗನ ಮರಿ ಎಂದು ಬೋಜ ಹೇಳಿದ. ಗ್ಲ್ಯಾಡಿಸ್‌ಬಾಯಿ ನಕ್ಕುಬಿಟ್ಟರು.

“ಮಕ್ಕಳಿಗೆ ಹುಟ್ಟುವಾಗಲೇ ಸೀರೆ ಉಡಿಸ್ತಾರಾ? ಈಗ ಚಡ್ಡಿ ಅಂಗಿ. ದೊಡ್ಡದಾದ ಮೇಲೆ ಕಾವಿ.”

ಈಸ್ಟರ್ ಹತ್ತಿರ ಬಂತು. ಮರಿ ಗೂಡಿನ ಅಂಚಿನಲ್ಲಿ ನಿಂತು ರೆಕ್ಕೆ ಬಡಿಯುತ್ತದೆ, ಮತ್ತೆ ಒಳಗೆ ಕೂರುತ್ತದೆ. ದಿನಾ ಅದೇ. ಹಾರಲಿ ಎಂದೂ ಅನಿಸುತ್ತಿತ್ತು, ಹಾರುವುದು ಬೇಡ ಎಂದೂ ಅನಿಸುತ್ತಿತ್ತು. ಅದು ಹಾರದಿದ್ದರೆ ಗ್ಲ್ಯಾಡಿಸ್‌ಬಾಯಿ ಹೋಗಲಿಕ್ಕಿಲ್ಲ ಎಂಬ ಹಾಗೆ.

ಗುಡ್ ಫ್ರೈಡೇಯ ಮರುದಿನ. ಡ್ಯಾಫ್ನಿ ಬರುವುದು ಆ ರಾತ್ರಿ. ನಾವು ಬೆಳಿಗ್ಗೆಯೇ ಹೋಗಿ ಕುಳಿತೆವು.

“ಈಗ ಎಂತ ಮಾಡ್ತದೆ?”

“ಗೂಡಿನಿಂದ ಹೊರಗೆ ಕೊಂಬೆಗೆ ಬಂದಿದೆ. ರೆಕ್ಕೆ ಬಿಚ್ಚಿದೆ. ಗಾಳಿಗೆ ಮೈ ಎತ್ತುತ್ತದೆ.”

“ಕಾಲು?”

“ಒಂದು ಕಾಲು ಬಿಟ್ಟಿತು.”

ಅಷ್ಟರಲ್ಲಿ ತಲೆಯ ಮೇಲೆ ನೆರಳು ಹಾಯಿತು. ತಾಯಿ ಗರುಡ, ಕಾಲಲ್ಲಿ ಮೀನು, ಎದೆಯ ಮೇಲೆ ಬಿಸಿಲು. ನನ್ನ ಎರಡು ಕೈ ಮೇಲೆ ಹೋದವು. ನಾರಾಯಣ ಎಂದೆ.

ಕಣ್ಣು ತೆರೆದರೆ ಕೊಂಬೆ ಖಾಲಿ. ಗೂಡೂ ಖಾಲಿ.

ಗ್ಲ್ಯಾಡಿಸ್‌ಬಾಯಿ ನನ್ನ ಕೈ ಹುಡುಕಿದರು. ಎರಡೂ ಜೋಡಿಸಿಯೇ ಇದ್ದವು.

“ಕೈ ಮುಗಿದಿರಾ?”

“ಹೌದು ಬಾಯಿ.”

“ಒಂದು ಗಳಿಗೆ ದೇವರನ್ನು ಕಾಯಿಸ್ಲಿಕ್ಕೆ ಆಗುವುದಿಲ್ವಾ ಮುದ್ದಕ್ಕ?”

ಅವರು ನನ್ನ ಮೇಲೆ ಸಿಟ್ಟು ಮಾಡಿದ್ದು ಅದೊಂದೇ ಸಲ. ಕೈ ಬಿಟ್ಟು ಆಚೆ ತಿರುಗಿದರು. ನೀರು ಕಟ್ಟೆಗೆ ಬಡಿಯುತ್ತಿತ್ತು. ಮೇಲೆ ಸೇತುವೆಯಲ್ಲಿ ಲಾರಿ ಹೋಗುತ್ತಿದ್ದವು. ನಾನು ಮರ ಮರ ನೋಡಿದೆ, ಎಲ್ಲಿಯೂ ಇಲ್ಲ.

ಆಗ ಅವರೇ ಬೆರಳು ಎತ್ತಿದರು. “ಸುಮ್ಮನಿರಿ. ಬೆಕ್ಕಿನ ಮರಿ ಅತ್ತ ಹಾಗೆ ಕೇಳ್ತದೆ. ಅಲ್ಲಿ, ಕೆಳಗೆ.”

ಅವರು ತೋರಿಸಿದ ಕಡೆ ನೀರಿನ ಬದಿಗೆ, ಕೆಸರಿನಲ್ಲಿ ಬೇರು ಬಿಟ್ಟ ಕಾಂಡ್ಲ ಗಿಡಗಳಿದ್ದವು. ಅದರಲ್ಲಿ ಮರಿ ಸಿಕ್ಕಿಕೊಂಡ ಹಾಗೆ ಕುಳಿತಿತ್ತು, ಒಂದು ರೆಕ್ಕೆ ಮೇಲೆ, ಒಂದು ಕೆಳಗೆ. ಹೇಳಿದೆ. ಒಂದನ್ನೂ ಬಿಡದೆ ಹೇಳಿದೆ. ರೆಕ್ಕೆ ಸರಿ ಮಾಡಿಕೊಂಡದ್ದು, ಅತ್ತಿತ್ತ ನೋಡಿದ್ದು, ಎರಡು ಸಲ ಬಗ್ಗಿದ್ದು. ತಾಯಿ ಮತ್ತೆ ಮೇಲಿನಿಂದ ಹಾಯಿತು. ನಾನು ಎರಡೂ ಕೈಗಳನ್ನು ಕಟ್ಟೆಗೆ ಒತ್ತಿ ಹಿಡಿದೆ.

“ಬಿಟ್ಟಿತು ಬಾಯಿ! ಎರಡೂ ಕಾಲು ಬಿಟ್ಟಿತು. ನೀರಿಗೆ ತಾಗುವಷ್ಟು ಕೆಳಗೆ ಹೋಯಿತು, ಈಗ ಏಳ್ತದೆ, ಏಳ್ತದೆ, ಬೋಜನ ದೋಣಿ ಕಂಬದ ಮೇಲೆ ಕೂತಿತು!”

“ಕೂತಿತಾ?”

“ಕೂತಿತು. ಬೀಳುವ ಹಾಗೆ ಆಗಿ ಕೂತಿತು.”

ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡರು. “ಮೊದಲನೇದು ನಾನೂ ನೋಡ್ಲಿಲ್ಲ, ನೀವೂ ನೋಡ್ಲಿಲ್ಲ. ಎರಡನೇದು ಇಬ್ಬರೂ ನೋಡಿದೆವು. ಲೆಕ್ಕ ಸರಿ ಆಯ್ತು.”

ಸೋಮವಾರ ಡ್ಯಾಫ್ನಿಯ ಜೊತೆ ರೈಲು ಹತ್ತಿದರು.

ಫೋನ್ ಮಾಡುತ್ತಿದ್ದರು. ಅಲ್ಲಿ ಹತ್ತನೇ ಮಾಳಿಗೆಯಂತೆ, ಕಿಟಕಿಯಲ್ಲಿ ಪಾರಿವಾಳ ಮಾತ್ರವಂತೆ. “ಇವತ್ತು ಎಂತ ಉಂಟು?” ಎಂದು ಕೇಳುತ್ತಿದ್ದರು. ಅದಕ್ಕಾಗಿ ನಾನು ಒಬ್ಬಳೇ ಹೊಳೆ ಬದಿಗೆ ಹೋಗಿ ನೋಡಿಟ್ಟುಕೊಂಡು ಬರುತ್ತಿದ್ದೆ. ಸೆಪ್ಟೆಂಬರಿನಲ್ಲಿ, ಮೇರಿಮಾತೆಯ ಮೊಂತಿ ಹಬ್ಬದ ಹೊತ್ತಿಗೆ ಒಂದು ದಿನ ಅವರ ನಂಬರಿನಿಂದ ಡ್ಯಾಫ್ನಿಯ ದನಿ ಬಂತು. ಆಂಟಿ ನಿದ್ದೆಯಲ್ಲಿಯೇ ಹೋದರು ಎಂದಳು. ಆ ದಿನ ಹೇಳಲು ನಾನು ಒಂದು ನೀರುಕಾಗೆ ನೋಡಿಟ್ಟುಕೊಂಡಿದ್ದೆ.

ಈ ವರ್ಷವೂ ಗರುಡ ಅದೇ ಗಾಳಿಮರದಲ್ಲಿ ಗೂಡು ಕಟ್ಟಿದೆ. ನೀಲಿ ಚೌಕುಳಿ ಬಟ್ಟೆ ಮಳೆಗೆ ಹೋಗಿರಬೇಕು, ಕಾಣಲಿಲ್ಲ. ನಿನ್ನೆ ಮರಿ ಹಾರಿತು. ಮೇಲಿನಿಂದ ತಾಯಿ ಬಂದಾಗ ನನ್ನ ಕೈ ಎದ್ದಿತು, ಕಣ್ಣು ಮುಚ್ಚಲಿಲ್ಲ. ಗೂಡಿನಿಂದ ಕಾಲು ಬಿಟ್ಟದ್ದರಿಂದ ಹಿಡಿದು ಆಚೆ ದಡದ ತೆಂಗಿನಲ್ಲಿ ಕೂರುವವರೆಗೆ ಪೂರ್ತಿ ನೋಡಿದೆ.

“ಬಿಟ್ಟಿತು, ಎರಡೂ ಕಾಲು ಬಿಟ್ಟಿತು,” ಎಂದು ನನ್ನ ಬಾಯಿಂದ ಬಂದೇಬಿಟ್ಟಿತು.

ದೋಣಿಯಿಂದ ಬೋಜ ತಲೆ ಎತ್ತಿದ. “ಹೌದು ಮುದ್ದಕ್ಕ, ನಾನೂ ನೋಡಿದೆ,” ಎಂದ.

ಅವನಿಗೆ ಕಣ್ಣುಂಟು. ಮತ್ತೆ ನಾನು ಏನೂ ಹೇಳಲಿಲ್ಲ.