ಕೆಂಪು ಔಷಧಿ, ಕುರುಗೋಡಿನ ಎರೆಮಣ್ಣು

ನಮ್ಮ ಭಾವನಷ್ಟು ಗಟ್ಟಿ ದನಿಯ ಇನ್ನೊಬ್ಬ ದಡ್ಡನನ್ನು ನಾನು ನೋಡಿಲ್ಲ. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ, ಕುರುಗೋಡಿನಲ್ಲಿ ಎರೆ ಹೊಲ. ತನ್ನ ಹೊಲದಲ್ಲಿ ಬೆಳೆಯುವುದನ್ನು ಯಾರಾದರೂ ಅಂಗಡಿಯಿಂದ ತಂದರೆ ಮೂಗು ಮುರಿಯುತ್ತಿದ್ದ. ಮದುವೆ ಊಟದಲ್ಲೂ ಮೆಣಸಿನಕಾಯಿ ಎಲ್ಲಿಯದೆಂದು ವಿಚಾರಿಸಿಯೇ ಎಲೆಯ ಮುಂದೆ ಕೂರುವ ಮನುಷ್ಯ.

ಎಂಬತ್ತರ ದಶಕದ ಮೊದಲಲ್ಲಿ ನನ್ನ ಅಕ್ಕನಿಗೆ, ಅಂದರೆ ಅವನ ಹೆಂಡತಿಗೆ, ಎದೆಯಲ್ಲಿ ಕ್ಯಾನ್ಸರ್ ಗಡ್ಡೆಯಾಯಿತು. ಆಪರೇಷನ್ ಮುಗಿದ ಮೇಲೆ ಮೂರು ವಾರಕ್ಕೊಮ್ಮೆ ಬಳ್ಳಾರಿಗೆ ಬಂದು ಸೂಜಿ ಹಾಕಿಸಿಕೊಳ್ಳಬೇಕಿತ್ತು. ಔಷಧಿಯ ಬಣ್ಣ ಕಡುಗೆಂಪು. ಮೊದಲ ಸೂಜಿಯ ದಿನ ಬಳ್ಳಾರಿ ಗಾಂಧಿನಗರದ ನಮ್ಮ ಮನೆಯಲ್ಲಿ ಬಚ್ಚಲಿಗೆ ಹೋದವಳು ಮೂತ್ರ ಕೆಂಪಗಾದದ್ದು ಕಂಡು, ರಕ್ತವೆಂದು ಹೆದರಿ ಅತ್ತಳು.

ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವವನು. ಅದು ಔಷಧಿಯ ಬಣ್ಣ, ಹೆದರಬೇಡ ಅಂದಿದ್ದರೆ ಸಾಕಿತ್ತು. ಹಾಗಾದರೆ ನನ್ನ ಎಂ.ಎಸ್ಸಿ. ಏನಾಗಬೇಕು? ಶುರು ಹಚ್ಚಿಕೊಂಡೆ. ಈ ಔಷಧಿ ಮಣ್ಣಿನ ಬ್ಯಾಕ್ಟೀರಿಯಾ ಮಾಡಿದ್ದು. ಅದು ಜೀವಕೋಶದೊಳಗೆ ಡಿಎನ್‌ಎ ಎಳೆಗಳ ನಡುವೆ ತೂರಿ ಅವನ್ನು ಕೆಡಿಸುತ್ತದೆ, ಎಳೆ ಕೆಟ್ಟ ಕೋಶ ಎರಡಾಗಲಾರದೆ ಸಾಯುತ್ತದೆ. ಗಡ್ಡೆಯ ಕೋಶಗಳು ಬೇಗ ಬೇಗ ಎರಡಾಗುತ್ತವೆ, ಅದಕ್ಕೇ ಅವು ಮೊದಲು ಸಾಯುತ್ತವೆ. ಕೂದಲಿನ ಬೇರಿನ ಗತಿಯೂ ಅದೇ. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಯೂ ಇದೇ ಕುಲದ ಬ್ಯಾಕ್ಟೀರಿಯಾದ್ದು ಎಂದೂ ಸೇರಿಸಿದೆ. ಸಾವಿರ ಬಗೆಯಲ್ಲಿ ಒಂದನ್ನು ಆರಿಸಿ, ಬೆಳೆಸಿ, ಔಷಧಿಯನ್ನು ಬೇರ್ಪಡಿಸಿ ಅಳೆಯಲು ಕಾರ್ಖಾನೆಯೇ ಬೇಕೆಂಬುದನ್ನು ಮಾತ್ರ ಹೇಳಲಿಲ್ಲ. ಅದು ಕೇಳುವವರಿಗೆ ರುಚಿಸುವುದಿಲ್ಲ. ಭಾವ ಬಾಗಿಲಲ್ಲಿ ನಿಂತು ಎಲೆಅಡಿಕೆ ಜಗಿಯುತ್ತ ಕೇಳಿಸಿಕೊಂಡ. ಅಕ್ಕ ಅಳು ನಿಲ್ಲಿಸಿದಳು, ಪಾಠ ಮುಟ್ಟಿತೆಂದುಕೊಂಡೆ.

ಮೂರನೆಯ ಸೂಜಿಗೆ ಅವರು ಬರಲಿಲ್ಲ. ಅಕ್ಕ ಆರಾಮಾಗಿದ್ದಾಳೆ, ಗಿರಣಿಯ ಕೆಲಸ ಮುಗಿಯಲಿ, ಬರುತ್ತೇವೆಂದು ಕಾಗದ ಬಂತು. ನಾನೂ ಪರೀಕ್ಷೆಯ ಪೇಪರು ತಿದ್ದುತ್ತ ನಂಬಿದೆ. ಕೊನೆಗೆ ನಾಲ್ಕು ತಿಂಗಳಾದ ಮೇಲೆ ಬಸ್ಸು ಹಿಡಿದು ಸಿರುಗುಪ್ಪಕ್ಕೆ ಹೋದಾಗ ಅಕ್ಕ ಹಿತ್ತಲ ಕಟ್ಟೆಯ ಮೇಲೆ ಕೂತು ಕದಡಿದ ನೀರು ಕುಡಿಯುತ್ತಿದ್ದಳು. ಕುರುಗೋಡಿನ ಹೊಲದ ಎರೆಮಣ್ಣನ್ನು ನೆನೆಹಾಕಿ ಪಂಚೆಯಲ್ಲಿ ಸೋಸಿದ ನೀರು. ನಾನು ಹಾರಾಡಿದೆ. ಭಾವ ಕುರ್ಚಿಯಿಂದ ಏಳಲೂ ಇಲ್ಲ.

"ಮಣ್ಣಾಗ ಐತಿ ಅಂತ ನೀನ ಹೇಳಿದೆಲ್ಲ, ಮಾಸ್ತರ. ನಮ್ಮ ಹೊಲದಾಗ ಇರೋದನ್ನ ಮಂದಿ ಕಡಿಂದ ಯಾಕ ಚುಚ್ಚಿಸ್ಕೋಬೇಕು? ಇದಕ್ಕ ಕೂದಲಾನೂ ಉದುರಂಗಿಲ್ಲ."

ಸೂಜಿ ನಿಂತಿದ್ದರಿಂದ ಅಕ್ಕನ ತಲೆಯಲ್ಲಿ ಕೂದಲು ಮತ್ತೆ ಹುಟ್ಟುತ್ತಿತ್ತು. ಅದನ್ನೇ ಮಣ್ಣಿನ ಗುಣವೆಂದು ಓಣಿಗೆಲ್ಲ ತೋರಿಸಿದ್ದನಂತೆ, ಮುಠ್ಠಾಳ.

ಅವತ್ತೇ ಅಕ್ಕನನ್ನು ಬಳ್ಳಾರಿಗೆ ಕರೆತಂದೆ. ರೋಗ ಪುಪ್ಪುಸಕ್ಕೆ ಇಳಿದಿದೆ, ಇನ್ನು ಸೂಜಿಯಿಂದ ಹೆಚ್ಚೇನೂ ಆಗದು ಎಂದರು ಡಾಕ್ಟರು. ಮನೆಗೆ ಬರುವಾಗ ಟಾಂಗಾದಲ್ಲಿ, ಸಿರುಗುಪ್ಪದಲ್ಲೇ ಉಳಿದ ಭಾವನನ್ನು ಬಾಯಿಗೆ ಬಂದಂತೆ ಬೈದೆ. ಅಷ್ಟು ಬಿಡಿಸಿ ಹೇಳಿದರೂ ತಿಳಿಯದ ಕೋಣ ಎಂದೆ. ಅಕ್ಕ ನನ್ನ ಕೈ ಹಿಡಿದುಕೊಂಡಳು.

"ನನಗೂ ತಿಳಿದಿದ್ದಿಲ್ಲ ತಮ್ಮಾ. ನೀ ಅಷ್ಟು ಖುಷೀಲೆ ಹೇಳಾಕತ್ತಿದ್ದಿ, ಅದಕ್ಕ ಸುಮ್ಮನಾದೆ. ನಾ ಉಳೀತೀನೋ ಇಲ್ಲೋ, ಅಷ್ಟ ಬೇಕಾಗಿತ್ತು ನನಗ. ಅದನ್ನ ನೀ ಹೇಳಲೇ ಇಲ್ಲ."