ಪೂರ್ವಕ್ಕೆ ಬಾಗಿಲಿದ್ದ ಡಬ್ಬಿ

ನನಗೆ ಗಾಡಿಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. ಬರೀ ಕಾರಾದರೆ ಹೇಗೋ ತೆಗೆದೇನು. ಅದರ ಬೆನ್ನಿಗೊಂದು ಡಬ್ಬಿ ಕಟ್ಟಿದಿರೋ, ಮುಗಿಯಿತು. ಜಮಖಂಡಿ ಕೋರ್ಟಿನಲ್ಲಿ ಇಷ್ಟು ವರ್ಷ ವಕೀಲಿಕೆ ಮಾಡಿ, ಆಡಿದ ಮಾತಿನಿಂದ ಹಿಂದೆ ಸರಿಯುವುದರಲ್ಲಿ ಕೈ ಪಳಗಿದೆ. ಆದರೆ ಡಬ್ಬಿಯ ಮುಂದೆ ಯಾವ ವಾದವೂ ನಡೆಯುವುದಿಲ್ಲ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೋಗುತ್ತದೆ. ಹಾಗಾದರೆ ಬಲಕ್ಕೆ ತಿರುಗಿಸೋಣ ಎಂದು ಜಾಣತನ ಮಾಡಿದರೆ ಅಡ್ಡಡ್ಡ ನಿಂತು ಮುಖ ಊದಿಸಿಕೊಳ್ಳುತ್ತದೆ.

ಡಬ್ಬಿ ಎಂದರೆ ನಮ್ಮ ಕಡೆ ಕಬ್ಬಿನ ಟ್ರ್ಯಾಕ್ಟರ್ ಎಳೆಯುವ ಟ್ರೇಲರು. ನಮ್ಮದು ಅದರ ಪುಟ್ಟ ತಂಗಿ: ನಾಲ್ಕೂ ಕಡೆ ತಗಡಿನ ಗೋಡೆ, ಒಳಗೆ ಮಂಚ, ಗ್ಯಾಸಿನ ಒಲೆ, ಕಿಟಕಿಗೆ ಹೂವಿನ ಪರದೆ. ಮಾಡಿಸಿದ್ದು ಅವ್ವನ ಸಲುವಾಗಿ. ಅವ್ವನ ತವರೂರು ಬೀಳಗಿಯ ಆಚೆ, ಕೃಷ್ಣೆಯ ಹಿನ್ನೀರಿನ ತಳದಲ್ಲಿದೆ. ಸೋದರಮಾವಂದಿರು ಒಬ್ಬೊಬ್ಬರು ಒಂದೊಂದು ಊರು ಹಿಡಿದರು. ದಂಡೆಗೆ ನಿಂತು ನೋಡಿಯಾದರೂ ಬರೋಣ ಬಾ ಎಂದರೆ ಅವ್ವ ಒಪ್ಪುತ್ತಿರಲಿಲ್ಲ.

"ಹೆಣ್ಣಮಗಳು ತವರಿಗೆ ಹೋದಮ್ಯಾಲ ಒಂದ್ ರಾತ್ರಿ ವಸ್ತಿ ಇರಬೇಕಲೇ. ನಿಂತ ಕಾಲಮ್ಯಾಲ ಹೊಳ್ಳಿ ಬಂದ್ರ ಅದಕ್ಕ ತವರಿಗೆ ಹೋಗೂದು ಅಂತಾರೇನು? ಅಲ್ಲೆ ಮನೀನ ಇಲ್ಲ, ಎಲ್ಲೆ ವಸ್ತಿ ಇರ್ಲಿ?"

ಮನೆಯೇ ಇಲ್ಲವೆಂದರೆ ನಾವೇ ಒಂದನ್ನು ಎಳೆದುಕೊಂಡು ಹೋದರಾಯಿತು ಎಂದು ನನ್ನ ಹೆಂಡತಿ ಗೀತಾ ನಗೆಯಾಡಿದಳು. ನಗೆ ಮಾತು ನನ್ನ ತಲೆ ಹೊಕ್ಕಿತು.

ಬನಹಟ್ಟಿಯ ಒಂದು ಶೆಡ್ಡಿನಲ್ಲಿ ಕೆಲಸ ಶುರುವಾಯಿತು. ಬಾಗಿಲು ಯಾವ ಕಡೆ ಎಂದು ಕೇಳಿದರು. ಅವ್ವ "ಪೂರ್ವಕ್ಕ" ಎಂದಳು, ನಾನೂ ಹೂಂ ಎಂದೆ. ವೆಲ್ಡಿಂಗಿನವರು ಸೂರ್ಯನನ್ನು ನೋಡಿ, ಪೂರ್ವಕ್ಕೆ ಸುಣ್ಣದ ಗುರುತು ಹಾಕಿ, ಆ ಮಗ್ಗುಲಿನ ತಗಡು ಕತ್ತರಿಸಿದರು. ಗಾಲಿಯ ಮೇಲಿನ ಮನೆಗೆ ಪೂರ್ವ ಎಲ್ಲಿಂದ ಬಂತು ಎಂದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮೊದಲ ತಿರುವಿನಲ್ಲೇ ಬಾಗಿಲು ಉತ್ತರಕ್ಕೆ ಹೋಯಿತು, ಊರು ದಾಟುವಷ್ಟರಲ್ಲಿ ಪಶ್ಚಿಮಕ್ಕೆ. ಮಗಳು ಪೂರ್ವಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅದೇ ದಿನ ಮಗ್ಗಗಳ ಓಣಿಯೊಂದರಲ್ಲಿ ಸಿಕ್ಕಿಬಿದ್ದೆ. ಮಗ್ಗದ ಸದ್ದು ಒಂದೊಂದೇ ನಿಂತು, ಓಣಿಗೆ ಓಣಿಯೇ ಹೊರಗೆ ಬಂತು. ಗಾಡಿ ಹಿಂದೆ ಬರುವುದನ್ನು ಕಂಡರೆ ನಮ್ಮ ಜನಕ್ಕೆ ಸುಮ್ಮನಿರಲು ಆಗುವುದಿಲ್ಲ. ಕೈ ತಾನೇ ಮೇಲೇಳುತ್ತದೆ. ಎಲ್ಲರೂ ಕೂಡಿ "ಬರ್ಲಿ, ಬರ್ಲಿ, ಇನ್ನಾ ಬರ್ಲಿ" ಎಂದರು. ಕಟ್ಟೆಗೆ ಬಡಿದ ಮೇಲೆ ಎಲ್ಲರೂ ಕೂಡಿ "ಸಾಕ್ರೀ" ಎಂದರು.

ಅಂತೂ ಒಂದು ಚಳಿಗಾಲದ ಮಧ್ಯಾಹ್ನ ಹೊರಟೆವು. ಅಪ್ಪ ಬರಲಿಲ್ಲ. "ಕರಿಯಾಕ ಯಾರೂ ಬಂದಿಲ್ಲ. ಅಳಿಯಾ ಹಂಗ ಹೊಕ್ಕಾನೇನು?" ಎಂದು ಪೇಪರು ಹಿಡಿದು ಕೂತರು. ಬಾಡಗಂಡಿಯ ಹತ್ತಿರ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಹಿಂದೆ ನಮ್ಮ ಮೆರವಣಿಗೆ ತೆವಳಿತು. ಕಾರ್ಖಾನೆಯ ಸಿಹಿ ಕಮಟು ವಾಸನೆ ಕಾರಿನೊಳಗೆ ತುಂಬಿಕೊಂಡಿತು. ಅವ್ವ ಅರೆಗಣ್ಣು ಮುಚ್ಚಿ, ತೊಡೆಯ ಮೇಲೆ ಬುತ್ತಿ ಇಟ್ಟುಕೊಂಡು, ತನ್ನಷ್ಟಕ್ಕೆ ನಗುತ್ತಿದ್ದಳು. ಯಾವ ವಯಸ್ಸಿನವಳಾಗಿ ಕೂತಿದ್ದಳೋ, ಕೇಳಲು ಮನಸ್ಸಾಗಲಿಲ್ಲ.

ಸಂಜೆಯ ಹೊತ್ತಿಗೆ ಹಿನ್ನೀರಿನ ದಂಡೆ ಮುಟ್ಟಿದೆವು. ಇಕ್ಕಟ್ಟಾದ ಮಣ್ಣಿನ ದಾರಿ. ಬಲಕ್ಕೆ ನೀರು, ಎಡಕ್ಕೆ ಕಬ್ಬು. ನೀರು ಎಷ್ಟು ಶಾಂತವಾಗಿತ್ತೆಂದರೆ ಅದರ ಕೆಳಗೆ ಒಂದು ಊರು ಮಲಗಿದೆ ಎಂದರೆ ನಂಬಬಹುದಿತ್ತು. ಗಾಡಿ ನಿಲ್ಲಿಸಿ, ಬಾಗಿಲು ತೆಗೆದೆ. ಬಾಗಿಲು ಕಬ್ಬಿನ ಕಡೆಗಿತ್ತು.

ಅವ್ವ ಮೆಟ್ಟಿಲ ಮೇಲೆ ಕಾಲಿಡಲಿಲ್ಲ. "ತವರಿಗೆ ಬೆನ್ನ ಮಾಡಿ ಮಲಗೂದಾ? ಬ್ಯಾಡಪಾ. ಹೊತ್ತ ಮುಳುಗೂದ್ರಾಗ ಜಮಖಂಡಿ ದಾರಿ ಹಿಡಿಯೂಣು, ನಡಿ." ಸಿಟ್ಟಿನಿಂದಲ್ಲ, ಬಹಳ ಮೆತ್ತಗೆ ಹೇಳಿದಳು.

ಬಾಗಿಲನ್ನು ನೀರಿನ ಕಡೆ ತಿರುಗಿಸೋಣವೆಂದು ಮತ್ತೆ ಸ್ಟೇರಿಂಗ್ ಹಿಡಿದೆ. ಎಡಕ್ಕೆ ಅಂದರೆ ಬಲಕ್ಕೆ, ಬಲಕ್ಕೆ ಅಂದರೆ ಕಬ್ಬಿನೊಳಕ್ಕೆ.

"ಪಪ್ಪಾ, ಲೆಫ್ಟ್ ಅಂದ್ರ ನಿಂದೋ ಡಬ್ಬೀದೋ?" ಎಂದು ಪೂರ್ವಿ ಕೂಗಿದಳು.

"ರೀ, ನೀರಿಗೆ ಬೀಳ್ತೀರಿ!" ಎಂದು ಗೀತಾ ಚೀರಿದಳು. ನಾನು ಬೆವತುಹೋದೆ.

ಆಗ ಅವ್ವ ಬಂದು ಕಾರಿನ ಗಾಜು ಬಡಿದಳು. "ಲೇ, ಬಿಚ್ಚಲೇ ಅದನ್ನ. ಇಂಥಾ ದಾರ್‍ಯಾಗ ನಮ್ಮಪ್ಪ ಚಕ್ಕಡಿ ಹಿಂದ ಸರಸ್ತಿದ್ದಿಲ್ಲ. ಎತ್ತ ಬಿಚ್ಚಿ ಮಗ್ಗಲಿಗೆ ಕಟ್ಟಿ, ನೊಗ ಹಿಡದು ಕೈಲೆ ತಿರುವತಿದ್ದ. ನಾವೂ ಒಂದೊಂದ್ ಕೈ ಹಚ್ಚತಿದ್ವಿ."

ಕೊಂಡಿ ಕಳಚಿದೆ. ಒಂಟಿಯಾದ ಕಾರು ಸಲೀಸಾಗಿ ಮುಖ ತಿರುಗಿಸಿ, ಕಬ್ಬಿನ ಅಂಚಿಗೆ ನುಸುಳಿ, ಬಂದ ದಾರಿಯ ಕಡೆಗೆ ಹೋಗಿ ನಿಂತಿತು. ಗೀತಾ, ಪೂರ್ವಿ, ನಾನು ಡಬ್ಬಿಯ ಮೂತಿಗೆ ಕೈ ಹಾಕಿದೆವು. ನಡುವೆ ಅವ್ವನೂ ಸೆರಗು ಸಿಕ್ಕಿಸಿ ನಿಂತಳು. ಆ ಹಠಮಾರಿ ಡಬ್ಬಿ, ನಿದ್ದೆಗಣ್ಣಿನ ಮಗು ಮಗ್ಗುಲು ಬದಲಿಸಿದ ಹಾಗೆ, ತಿರುಗಿಬಿಟ್ಟಿತು. ಬಾಗಿಲ ಎದುರಿಗೆ ನೀರು ಬಂತು.

ಅವ್ವ ಕಾಲು ತೊಳೆದುಕೊಂಡು, ಬಲಗಾಲಿಟ್ಟು ಒಳಗೆ ಹೋಗಿ, ಹೊಸ್ತಿಲಿಗೇ ಕೂತಳು. ಮುಳುಗುವ ಬಿಸಿಲಿನಲ್ಲಿ ಬೆರಳು ತೋರಿಸುತ್ತ, "ಅಲ್ಲೆ ಬಾಂವಿ. ಅದರ ಬಾಜೂಕ ನಮ್ಮ ಕಟ್ಟಿ. ನಮ್ಮವ್ವ ಅಲ್ಲೇ ಕೂತು ನನ್ನ ದಾರಿ ಕಾಯ್ತಿದ್ಲು" ಎಂದಳು. ನಮಗೆ ಕಂಡದ್ದು ನೀರು, ಒಂದೆರಡು ಬೆಳ್ಳಕ್ಕಿ. ಆದರೂ ಮೂವರೂ ತಲೆಯಾಡಿಸಿದೆವು. ನನಗೆ ಕಟ್ಟೆ ಕಂಡೂ ಬಿಟ್ಟಿತೋ ಏನೋ.

ಬೆಳಗ್ಗೆ ಗೀತಾ, "ಅತ್ತೀ, ತವರಿಂದ ಬರಿ ಉಡೀಲೆ ಹೋಗಬಾರ್ದರಿ" ಎಂದು ಅಕ್ಕಿ, ಕೊಬ್ಬರಿ, ಕುಬಸದ ಬಟ್ಟೆ ಹಾಕಿ ಅವ್ವನಿಗೆ ಉಡಿ ತುಂಬಿದಳು. ಅವ್ವ ಸೊಸೆಯ ಕೈ ಹಿಡಿದುಕೊಂಡು ಅತ್ತಳು. ನಾನು ಕೊಂಡಿ ಸಿಕ್ಕಿಸುವ ನೆವದಲ್ಲಿ ಆ ಕಡೆ ಹೋದೆ.

ಹಿಂದಕ್ಕೆ ಹೋಗಲು ನನಗೆ ಇವತ್ತಿಗೂ ಬರುವುದಿಲ್ಲ. ಮುಂದಕ್ಕಾದರೆ ಜೋರು. ದಂಡೆ ದಾಟಿ ಡಾಂಬರು ಸಿಕ್ಕ ಖುಷಿಗೆ ಕಾಲೊತ್ತಿದೆ. ಅವ್ವ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕನ್ನಡಿಯಲ್ಲಿ ಕುಣಿಯುತ್ತ ಬರುತ್ತಿದ್ದ ಹೂವಿನ ಪರದೆ ನೋಡಿ ಗದರಿದಳು: "ಸಾವಕಾಶ ನಡಸೋ. ಹಿಂದ ನನ್ನ ತವರುಮನಿ ಬರಾಕತ್ತೈತಿ."